ಲೈಬ್ರರಿಯನ್ನು ನೀವೇ ಸುತ್ತಿ ನೋಡಿ: ಕಪಾಟಿನಿಂದ ಕಂಪ್ಯೂಟರ್ ಕೋಣೆಯವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವವಿದ್ಯಾಲಯದ ಲೈಬ್ರರಿಯೊಂದರ ಕೌಂಟರಿನಲ್ಲಿ ಕೂತು ಬಹಳ ವರ್ಷಗಳಾದವು. ಹೊಸ ಬ್ಯಾಚ್ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಕೆಲವರು ನೇರವಾಗಿ ಕೇಳುತ್ತಾರೆ, ಕೆಲವರು ಚೀಟಿ ಬರೆದು ಸಲಹಾ ಪೆಟ್ಟಿಗೆಗೆ ಹಾಕುತ್ತಾರೆ, ಇನ್ನು ಕೆಲವರು ಕೇಳದೆಯೇ ವಾಪಸ್ ಹೋಗುತ್ತಾರೆ. ಆ ಮೂರನೆಯವರಿಗಾಗಿಯೇ ಇದನ್ನು ಬರೆದಿಟ್ಟಿದ್ದೇನೆ.

ಎಷ್ಟು ಪುಸ್ತಕ ಕೊಡುತ್ತಾರೆ, ಎಷ್ಟು ದಿನಕ್ಕೆ, ದಂಡ ಎಷ್ಟು ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಅದನ್ನು ನಿಮ್ಮ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ನೋಡಿಕೊಳ್ಳಿ. ಕರ್ನಾಟಕದ ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಕೆಲಸಕ್ಕೆ ಬರುವಂಥದ್ದನ್ನು ಮಾತ್ರ ಇಲ್ಲಿ ಹೇಳಿದ್ದೇನೆ.

## ಮೊದಲ ಸಲ ಒಳಗೆ ಬರುವವರಿಗೆ

ನನಗೆ ಯಾವ ಪುಸ್ತಕವೂ ಬೇಕಾಗಿಲ್ಲ. ಸುಮ್ನೆ ಒಂದ್ಸಲ ನೋಡ್ಕೊಂಡು ಹೋಗಬಹುದಾ?

ಬಹುದು. ನನ್ನನ್ನು ಕೇಳಿದರೆ, ಮೊದಲ ಸಲ ಬರಬೇಕಾದ್ದೇ ಹಾಗೆ. ಇಂಟರ್ನಲ್ಸ್ ನಾಳೆ ಅನ್ನುವಾಗ ಬಂದವರಿಗೆ ಕಟ್ಟಡ ಕಣ್ಣಿಗೆ ಬೀಳುವುದೇ ಇಲ್ಲ. ಯಾವುದೇ ತುರ್ತು ಇಲ್ಲದ ಒಂದು ಮಧ್ಯಾಹ್ನ ಆರಿಸಿಕೊಳ್ಳಿ. ಐಡಿ ಕಾರ್ಡ್ ಹಾಕಿಕೊಂಡು ಬನ್ನಿ, ಗೇಟಿನಲ್ಲಿ ಸಹಿ ಮಾಡಿ ಅಥವಾ ಕಾರ್ಡ್ ಸ್ಕ್ಯಾನ್ ಮಾಡಿ. ಆಮೇಲೆ ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ.

ಯಾರೂ ಜೊತೆಗೆ ಬಂದು ತೋರಿಸಲ್ಲ ಅಂದ್ರೆ ಎಲ್ಲಿಂದ ಶುರು ಮಾಡಲಿ?

ವರ್ಷಕ್ಕೊಂದು ಸಲ ಓರಿಯೆಂಟೇಷನ್ ಅಂತ ಮಾಡುತ್ತೇವೆ. ಅರವತ್ತು ಮಂದಿಯನ್ನು ಒಟ್ಟಿಗೆ ಕರೆದುಕೊಂಡು ಹೋಗುತ್ತೇವೆ. ಮುಂದಿನ ಹತ್ತು ಜನಕ್ಕೆ ಮಾತು ಕೇಳಿಸುತ್ತದೆ, ಹಿಂದಿನವರು ಫೋನ್ ನೋಡುತ್ತಿರುತ್ತಾರೆ. ಅದಕ್ಕಿಂತ ನೀವೊಬ್ಬರೇ ನಲವತ್ತು ನಿಮಿಷ ಸುತ್ತುವುದು ಎಷ್ಟೋ ವಾಸಿ. ನಾನು ಹೇಳುವ ದಾರಿ ಇದು.

ಮೊದಲು ಓಪ್ಯಾಕ್ ಹತ್ತಿರ ನಿಲ್ಲಿ. ಓಪ್ಯಾಕ್ ಅಂದರೆ ಲೈಬ್ರರಿಯ ಪುಸ್ತಕಗಳ ಆನ್‌ಲೈನ್ ಪಟ್ಟಿ, ಅದರಲ್ಲಿ ಹುಡುಕುವ ಕಂಪ್ಯೂಟರ್ ಇಲ್ಲಿರುತ್ತದೆ. ನಿಮಗೆ ಇಷ್ಟವಾದ ಯಾವುದೋ ವಿಷಯ ಟೈಪ್ ಮಾಡಿ. ಸಿಲೆಬಸ್ಸಿನದೇ ಆಗಬೇಕಿಲ್ಲ. ಕ್ರಿಕೆಟ್, ಜೇನುಸಾಕಣೆ, ಏನಾದರೂ ಸರಿ. ಬಂದ ಪುಸ್ತಕಗಳಲ್ಲಿ ಒಂದರ ಕಾಲ್ ನಂಬರನ್ನು, ಅಂದರೆ ಪುಸ್ತಕದ ಬೆನ್ನ ಮೇಲಿರುವ ನಂಬರನ್ನು, ಚೀಟಿಯಲ್ಲಿ ಬರೆದುಕೊಳ್ಳಿ. ಈಗ ಆ ನಂಬರಿನ ಬೆನ್ನು ಹತ್ತಿ ಹೊರಡಿ. ಅದನ್ನು ಹುಡುಕುತ್ತಾ ಹೋದರೆ ಅರ್ಧ ಲೈಬ್ರರಿ ತಾನಾಗಿಯೇ ನೋಡಿದಂತಾಗುತ್ತದೆ.

ಪುಸ್ತಕ ಸಿಕ್ಕಿದ ಮೇಲೆ ಅದರ ಅಕ್ಕಪಕ್ಕದ ಹತ್ತು ಪುಸ್ತಕಗಳ ಹೆಸರು ಓದಿ. ಇದನ್ನು ಮಾತ್ರ ಬಿಡಬೇಡಿ. ಒಂದೇ ವಿಷಯದ ಪುಸ್ತಕಗಳು ಒಂದೇ ಕಡೆ ಕೂತಿರುತ್ತವೆ. ಸ್ಕ್ರೀನಿನಲ್ಲಿ ನಿಮಗೆ ಹೊಳೆಯದ ಪುಸ್ತಕ ಪಕ್ಕದಲ್ಲೇ ಇರುತ್ತದೆ. ಅಲ್ಲಿಂದ ರೆಫರೆನ್ಸ್ ವಿಭಾಗಕ್ಕೆ ಹೋಗಿ. ನಿಘಂಟು, ವಿಶ್ವಕೋಶ, ಗೆಜೆಟಿಯರ್‌ಗಳು (ಒಂದೊಂದು ಜಿಲ್ಲೆಯ ವಿವರ ಇರುವ ಸರ್ಕಾರಿ ಗ್ರಂಥಗಳು) ಇರುವ ಜಾಗ ಅದು. ನಿಮ್ಮ ಜಿಲ್ಲೆಯ ಗೆಜೆಟಿಯರ್ ತೆಗೆದು ನಿಮ್ಮ ತಾಲ್ಲೂಕಿನ ಪುಟ ನೋಡಿ. ಅಷ್ಟು ನೋಡೋಣ ಅಂತ ಕೂತವರು ಗಂಟೆಗಟ್ಟಲೆ ಏಳದೇ ಇದ್ದದ್ದನ್ನು ಕಂಡಿದ್ದೇನೆ. ಆಮೇಲೆ ಪತ್ರಿಕೆಗಳ ವಿಭಾಗ, ಬೈಂಡ್ ಮಾಡಿಟ್ಟ ಹಳೆಯ ಜರ್ನಲ್‌ಗಳು, ಥೀಸಿಸ್ ಕಪಾಟು. ಕೊನೆಗೆ ಕಂಪ್ಯೂಟರ್ ಕೋಣೆ. ಹೊರಡುವ ಮುಂಚೆ ನೀರು, ಶೌಚಾಲಯ, ಝೆರಾಕ್ಸ್ ಎಲ್ಲೆಲ್ಲಿವೆ ಅಂತಲೂ ನೋಡಿಟ್ಟುಕೊಳ್ಳಿ. ಪರೀಕ್ಷೆ ಸಮಯದಲ್ಲಿ ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆಗಳು ಇವೇ.

ಬ್ಯಾಗ್ ಹೊರಗಿಡಿ ಅಂತೀರಿ, ಕಳೆದುಹೋದ್ರೆ?

ನ್ಯಾಯವಾದ ಪ್ರಶ್ನೆ. ಪುಸ್ತಕಗಳು ಬ್ಯಾಗಿನಲ್ಲಿ ಹೊರಟುಹೋಗುತ್ತವೆ ಅನ್ನುವುದಕ್ಕೇ ಈ ನಿಯಮ. ದುಡ್ಡು, ಫೋನ್, ಲ್ಯಾಪ್‌ಟಾಪ್ ನಿಮ್ಮ ಹತ್ತಿರವೇ ಇರಲಿ. ಟೋಕನ್ ಕೊಟ್ಟರೆ ಜೋಪಾನ ಮಾಡಿ. ಮಳೆಗಾಲದಲ್ಲಿ ಕಪ್ಪು ಕೊಡೆ ಇಡುವವರು ಹಿಡಿಗೆ ಒಂದು ಬಣ್ಣದ ದಾರ ಕಟ್ಟಿ. ನಾನೇ ಎರಡು ಕೊಡೆ ಕಳೆದುಕೊಂಡಿದ್ದೇನೆ.

ನಾನು ಈ ಯೂನಿವರ್ಸಿಟಿಯವನಲ್ಲ. ಒಳಗೆ ಬಿಡ್ತಾರಾ?

ಸಾಮಾನ್ಯವಾಗಿ ಕೂತು ಓದುವುದಕ್ಕೆ ಬಿಡುತ್ತಾರೆ, ಮನೆಗೆ ಕೊಡುವುದಿಲ್ಲ. ನಿಮ್ಮ ಕಾಲೇಜಿನ ಪ್ರಾಂಶುಪಾಲರಿಂದಲೋ ಗೈಡಿನಿಂದಲೋ ಒಂದು ಪತ್ರ ತನ್ನಿ. ಪತ್ರದಲ್ಲಿ ಯಾವ ವಿಷಯ, ಎಷ್ಟು ದಿನ ಅಂತ ಇರಲಿ. ಬರುವ ಮುಂಚೆ ಆ ಲೈಬ್ರರಿಯ ಓಪ್ಯಾಕನ್ನು ಮನೆಯಿಂದಲೇ ನೋಡಿ. ಬೇಕಾದ ಪುಸ್ತಕ ಇದೆಯೋ ಇಲ್ಲವೋ ತಿಳಿಯದೆ ಬೀದರಿನಿಂದ ಬಸ್ಸಿನಲ್ಲಿ ಬಂದವರನ್ನು ಬರಿಗೈಯಲ್ಲಿ ಕಳಿಸುವಾಗ ನಮಗೂ ಬೇಜಾರಾಗುತ್ತದೆ.

## ಕಪಾಟುಗಳ ನಡುವೆ

ಪುಸ್ತಕದ ಬೆನ್ನ ಮೇಲಿರೋ ನಂಬರ್ ಏನು? ನನಗಂತೂ ಟೆಲಿಫೋನ್ ನಂಬರ್ ಥರ ಕಾಣುತ್ತೆ.

ಅದು ಪುಸ್ತಕದ ಮನೆ ವಿಳಾಸ. ನಮ್ಮ ಬಹಳಷ್ಟು ಲೈಬ್ರರಿಗಳಲ್ಲಿ ಇರುವುದು ಡ್ಯೂಯಿ ದಶಾಂಶ ಪದ್ಧತಿ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದದ್ದು. ಎಲ್ಲ ವಿಷಯಗಳನ್ನೂ ಹತ್ತು ಗುಂಪು ಮಾಡಿದ. 300 ಅಂದರೆ ಸಮಾಜ ವಿಜ್ಞಾನ, 500 ವಿಜ್ಞಾನ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಪ್ರತಿ ಗುಂಪನ್ನೂ ಮತ್ತೆ ಹತ್ತು, ಮತ್ತೆ ಹತ್ತು ಅಂತ ಒಡೆಯುತ್ತಾ ಹೋದ. ಕನ್ನಡ ಸಾಹಿತ್ಯದ ನಂಬರು 894.814. ಅದರ ಕೊನೆಗೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕಾದಂಬರಿ, ಕತೆ. ಇಂಗ್ಲಿಷ್ ಸಾಹಿತ್ಯಕ್ಕೆ ಬರೀ 820 ಅಂತ ಚಿಕ್ಕ ನಂಬರು. ನಮಗೆ ಇಷ್ಟುದ್ದ ಬಾಲ. ಡ್ಯೂಯಿ ಕೂತಿದ್ದ ಊರಿನಿಂದ ನೋಡಿದಾಗ ನಾವು ಅಷ್ಟು ದೂರ ಇದ್ದೆವು.

ಎಲ್ಲರೂ ಎಡವುವ ಜಾಗ ಚುಕ್ಕಿಯ ನಂತರದ್ದು. 301.16 ಮತ್ತು 301.2 ಎರಡರಲ್ಲಿ ಯಾವುದು ಮೊದಲು? ಹದಿನಾರು ದೊಡ್ಡದು ಅಂತ 301.16 ಅನ್ನು ಆಮೇಲೆ ಹುಡುಕುತ್ತಾರೆ. ರೂಪಾಯಿ ಪೈಸೆ ಲೆಕ್ಕ ಹಾಕಿ. 301.2 ಅಂದರೆ 301 ರೂಪಾಯಿ 20 ಪೈಸೆ. ಹಾಗಾಗಿ 16 ಪೈಸೆಯದು ಮೊದಲು ಬರುತ್ತದೆ. ಇಷ್ಟು ತಿಳಿದರೆ ಅರ್ಧ ತಲೆನೋವು ಹೋಯಿತು.

ಕೆಲವು ಲೈಬ್ರರಿಗಳಲ್ಲಿ ಅಕ್ಷರ, ಅಂಕಿ, ನಡುವೆ ಎರಡು ಚುಕ್ಕಿ ಎಲ್ಲ ಬೆರೆತ ನಂಬರ್ ಕಾಣಬಹುದು. ಅದು ಎಸ್.ಆರ್. ರಂಗನಾಥನ್ ಅವರ ಕೋಲನ್ ಪದ್ಧತಿ, 1933ರದ್ದು. ಅವರು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಲಂಡನ್ನಿನ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ನೋಡಿದಾಗ ಅವರಿಗೆ ಈ ಯೋಚನೆ ಬಂತಂತೆ. ಅವವೇ ತುಂಡುಗಳನ್ನು ಬೇರೆ ಬೇರೆಯಾಗಿ ಜೋಡಿಸಿದರೆ ಬೇರೆ ಬೇರೆ ವಿಷಯ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವೊಂದನ್ನು ಕಟ್ಟಿದರು. ಅವರ ಹುಟ್ಟುಹಬ್ಬವನ್ನು ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಅಂತ ನಾವು ಆಚರಿಸುತ್ತೇವೆ. ಅವತ್ತು ಬಂದರೆ ಸ್ವೀಟ್ ಸಿಗುವ ಸಾಧ್ಯತೆ ಜಾಸ್ತಿ.

ಕಂಪ್ಯೂಟರಲ್ಲಿ ಇದೆ ಅಂತ ತೋರಿಸ್ತಾ ಇದೆ, ಕಪಾಟಲ್ಲಿ ಇಲ್ಲ. ಯಾಕೆ?

ಮೊದಲು ಮೇಲಿನ ಮತ್ತು ಕೆಳಗಿನ ಹಲಗೆ ನೋಡಿ. ಆಮೇಲೆ ಟೇಬಲ್‌ಗಳ ಮೇಲೆ ನೋಡಿ, ಯಾರೋ ಓದುತ್ತಿರಬಹುದು. ನಿನ್ನೆ ವಾಪಸ್ ಬಂದದ್ದು ಕೌಂಟರಿನ ಹಿಂದಿನ ಟ್ರಾಲಿಯಲ್ಲೇ ಇರಬಹುದು. ಬೈಂಡಿಂಗ್‌ಗೂ ಹೋಗಿರಬಹುದು. ಇನ್ನೊಂದು ಕಾರಣವೂ ಇದೆ, ಹೇಳಿಬಿಡುತ್ತೇನೆ. ತನಗೊಬ್ಬನಿಗೇ ಸಿಗಲಿ ಅಂತ ಅರ್ಥಶಾಸ್ತ್ರದ ಪುಸ್ತಕವನ್ನು ಗಣಿತದ ಕಪಾಟಿನ ಹಿಂದೆ ಬಚ್ಚಿಡುವ ಮಹಾನುಭಾವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಹುಡುಕಿ ಸಾಕಾದರೆ ಕಾಲ್ ನಂಬರ್ ಬರೆದು ಕೌಂಟರಿಗೆ ಕೊಡಿ.

ತೆಗೆದ ಪುಸ್ತಕ ವಾಪಸ್ ಅಲ್ಲೇ ಇಡಬೇಕಲ್ವಾ?

ಬೇಡ. ಟೇಬಲ್ ಮೇಲೆ ಬಿಡಿ. ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದುಹೋದ ಹಾಗೇ.

ಕನ್ನಡ ಪುಸ್ತಕ ಹುಡುಕಿದ್ರೆ ಏನೂ ಬರ್ತಿಲ್ಲ. ಲೈಬ್ರರಿಯಲ್ಲಿ ಕನ್ನಡ ಪುಸ್ತಕನೇ ಇಲ್ವಾ?

ಇವೆ, ರಾಶಿ ರಾಶಿ ಇವೆ. ತೊಂದರೆ ಹುಡುಕುವುದರಲ್ಲಿ. ಲೈಬ್ರರಿಗಳು ಕಂಪ್ಯೂಟರಿಗೆ ಬಂದ ಹೊಸದರಲ್ಲಿ ಕನ್ನಡ ಅಕ್ಷರ ಹಾಕುವ ಅನುಕೂಲ ಸರಿಯಾಗಿ ಇರಲಿಲ್ಲ. ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದುಬಿಟ್ಟರು. ಅದೂ ಒಬ್ಬೊಬ್ಬರು ಒಂದೊಂದು ಥರ. ‘ಸಾಹಿತ್ಯ’ ಅನ್ನುವಾಗ ಒಬ್ಬರು ಒಂದು ‘ಎ’ ಹಾಕಿದರು, ಇನ್ನೊಬ್ಬರು ಎರಡು. ‘ಹಳ್ಳಿ’ಯ ಳಕಾರ ಏನಾಗಿರುತ್ತದೆ ಅಂತ ನೀವೇ ಊಹಿಸಿ. ಈಗ ಕೊಹಾ ಥರದ ಲೈಬ್ರರಿ ಸಾಫ್ಟ್‌ವೇರ್‌ನಲ್ಲಿ ಕನ್ನಡದಲ್ಲೇ ನಮೂದು ಮಾಡಬಹುದು. ಆದರೆ ಹಳೆಯದನ್ನೆಲ್ಲ ತಿದ್ದಿ ಮುಗಿಸುವುದಕ್ಕೆ ಜನ ಬೇಕು.

ಹಾಗಾಗಿ ಮೂರು ಸಲ ಹುಡುಕಿ. ಮೊದಲು ಕನ್ನಡದಲ್ಲಿ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ, ಪೂರ್ತಿ ಹೆಸರು ಬೇಡ, ಒಂದೇ ಒಂದು ಪದ ಸಾಕು. ಮೂರನೆಯದು ಲೇಖಕರ ಹೆಸರಿನಿಂದ. ಇಲ್ಲೂ ಒಂದು ತಮಾಷೆ ಇದೆ. ಕುವೆಂಪು ಅಂತ ಹುಡುಕಿದರೆ ಕೆಲವು ಬರುತ್ತವೆ, ಉಳಿದವು ‘ಪುಟ್ಟಪ್ಪ, ಕೆ.ವಿ.’ ಅಂತ ಬೇರೆ ಕಡೆ ಕೂತಿರುತ್ತವೆ. ಕಾವ್ಯನಾಮ ಒಂದು, ಮನೆತನದ ಹೆಸರು ಇನ್ನೊಂದು, ಇನಿಷಿಯಲ್ ಮುಂದೋ ಹಿಂದೋ ಅನ್ನುವ ಗೊಂದಲ ಮತ್ತೊಂದು. ಯಾವುದೂ ಕೈಗೂಡದಿದ್ದರೆ ಸೀದಾ 894.814ರ ಸಾಲಿಗೆ ಹೋಗಿ ಕಣ್ಣಾರೆ ನೋಡಿ. ಕನ್ನಡದ ಮಟ್ಟಿಗೆ ಇವತ್ತಿಗೂ ಅದೇ ನಂಬಿಕೆಯ ದಾರಿ.

## ಕಂಪ್ಯೂಟರ್ ಕೋಣೆ

ಇಲ್ಲಿ ನಮ್ಮ ಸ್ವಂತ ಕೆಲಸ ಮಾಡ್ಕೋಬಹುದಾ? ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕಿತ್ತು.

ಹಾಕಿ. ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ, ಯುಯುಸಿಎಂಎಸ್ (ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಲಾಗಿನ್, ಪರೀಕ್ಷಾ ಫಾರಂ ಇವೆಲ್ಲ ಓದಿಗೆ ಸೇರಿದ ಕೆಲಸಗಳೇ. ಸೈಬರ್ ಸೆಂಟರಿಗೆ ದುಡ್ಡು ಸುರಿಯುವುದು ತಪ್ಪುತ್ತದೆ. ರಿಜಿಸ್ಟರಿನಲ್ಲಿ ಹೆಸರು, ಸಿಸ್ಟಮ್ ನಂಬರ್, ಸಮಯ ಬರೆಯಿರಿ. ಒಟಿಪಿ ಯಾರ ಫೋನಿಗೆ ಬರುತ್ತದೋ ಆ ಫೋನ್ ಜೊತೆಗಿರಲಿ. ಅಪ್ಪನ ನಂಬರ್ ಕೊಟ್ಟು, ಅಪ್ಪ ಹೊಲದಲ್ಲಿದ್ದು ಫೋನ್ ಎತ್ತದೆ, ಅರ್ಜಿ ಅರ್ಧಕ್ಕೆ ನಿಂತದ್ದು ಬೇಕಾದಷ್ಟಿವೆ. ಎದ್ದು ಹೋಗುವಾಗ ಲಾಗೌಟ್ ಮಾಡಿ. ಬ್ರೌಸರ್ ಮುಚ್ಚಿದರೆ ಸಾಲದು. ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್‌ಗಳನ್ನು ಡೌನ್‌ಲೋಡ್ಸ್ ಫೋಲ್ಡರಿನಿಂದ ಅಳಿಸಿ. ಕೊನೇ ದಿನದವರೆಗೂ ಕಾಯಬೇಡಿ, ಅವತ್ತು ಎಲ್ಲ ಸಿಸ್ಟಮ್ಮೂ ತುಂಬಿರುತ್ತವೆ, ಸರ್ವರ್ರೂ ಕೈಕೊಡುತ್ತದೆ.

ನಿನ್ನೆ ಇಲ್ಲೇ ಸೇವ್ ಮಾಡಿದ್ದ ಫೈಲ್ ಇವತ್ತು ಇಲ್ಲ. ಯಾರು ಅಳಿಸಿದ್ರು?

ಯಾರೂ ಅಳಿಸಿಲ್ಲ, ಸಿಸ್ಟಮ್ಮೇ ಅಳಿಸಿದೆ. ಎಲ್ಲರೂ ಬಳಸುವ ಕಂಪ್ಯೂಟರುಗಳಲ್ಲಿ ಡೀಪ್ ಫ್ರೀಜ್ ಥರದ ಸಾಫ್ಟ್‌ವೇರ್ ಹಾಕಿರುವುದುಂಟು. ರೀಸ್ಟಾರ್ಟ್ ಆದ ಕೂಡಲೇ ಕಂಪ್ಯೂಟರ್ ಮೊದಲಿದ್ದ ಸ್ಥಿತಿಗೆ ಮರಳುತ್ತದೆ. ವೈರಸ್ಸೂ ಹೋಗುತ್ತದೆ, ನಿಮ್ಮ ಅಧ್ಯಾಯವೂ ಹೋಗುತ್ತದೆ. ಒಬ್ಬ ಹುಡುಗಿ ಇಪ್ಪತ್ತು ಪುಟದ ಡಿಸರ್ಟೇಷನ್ ಕಳೆದುಕೊಂಡು ಕೌಂಟರಿನ ಮುಂದೆ ಅತ್ತದ್ದು ನನಗೆ ಈಗಲೂ ನೆನಪಿದೆ. ‘ಇಲ್ಲಿ ಸೇವ್ ಮಾಡಬೇಡಿ’ ಅಂತ ಚೀಟಿ ಅಂಟಿಸಬೇಕಾದವರು ನಾವು, ಅಂಟಿಸಿರಲಿಲ್ಲ. ಆಮೇಲೆ ಪ್ರತಿ ಮಾನಿಟರಿಗೂ ಅಂಟಿಸಿದೆವು. ನಿಮ್ಮ ಫೈಲನ್ನು ಗೂಗಲ್ ಡ್ರೈವಿಗೆ ಹಾಕಿ, ಇಲ್ಲವೇ ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ.

ಪೆನ್ ಡ್ರೈವ್ ಹಾಕಿದೆ, ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿವೆ!

ಗಾಬರಿ ಬೇಡ, ಅದರ ಮೇಲೆ ಕ್ಲಿಕ್ಕೂ ಬೇಡ. ಬಹಳ ಸಲ ಫೈಲುಗಳು ಒಳಗೇ ಇರುತ್ತವೆ, ವೈರಸ್ ಅವನ್ನು ಮರೆಮಾಡಿರುತ್ತದೆ ಅಷ್ಟೇ. ಲ್ಯಾಬಿನವರಿಗೆ ಕೊಡಿ, ಸ್ಕ್ಯಾನ್ ಮಾಡಿ ತೆಗೆದುಕೊಡುತ್ತಾರೆ.

ನುಡಿಯಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಲ್ಲಿ ಏನೇನೋ ಚಿಹ್ನೆಯಾಗಿ ಕಾಣುತ್ತೆ. ಫೈಲ್ ಕೆಟ್ಟುಹೋಯ್ತಾ?

ಕೆಟ್ಟಿಲ್ಲ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳು. ಆ ಫಾಂಟ್ ಇದ್ದ ಕಡೆ ಕನ್ನಡ ಕಾಣುತ್ತದೆ, ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ, ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ಹಾಗಾಗಿ ಫೋನಿನಲ್ಲೂ ಓದಬಹುದು, ಒಳಗಿನ ಪದಗಳನ್ನು ಹುಡುಕಲೂಬಹುದು.

ನೀವು ಕಲಿತ ಕೀಲಿಗಳನ್ನು ಬಿಡಬೇಕಾಗಿಲ್ಲ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ. ಕಗಪ ಅನ್ನುವ ಹೆಸರಿನಲ್ಲಿ ಅದು ಲಿನಕ್ಸ್‌ನಲ್ಲೂ ಸಿಗುತ್ತದೆ. ನುಡಿಯ ಈಚಿನ ಆವೃತ್ತಿಯಲ್ಲೇ ಯೂನಿಕೋಡ್ ಇದೆ, ಹಳೆಯ ಫೈಲ್ ಬದಲಿಸುವ ಕನ್ವರ್ಟರೂ ಇದೆ. ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಿ. ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಕಡೆ ತಪ್ಪಾಗುವುದುಂಟು. ಥೀಸಿಸ್ ಬರೆಯುವವರಿಗೆ ನನ್ನ ಮಾತು ಇಷ್ಟೇ. ಮೊದಲ ಪುಟದಿಂದಲೇ ಯೂನಿಕೋಡಿನಲ್ಲಿ ಬರೆಯಿರಿ. ಮುನ್ನೂರು ಪುಟ ಆದಮೇಲೆ ಬದಲಿಸುವ ಗೋಳು ಬೇಡ.

ನನಗೆ ಕಂಪ್ಯೂಟರ್ ಅಷ್ಟಾಗಿ ಬರಲ್ಲ. ಎಲ್ಲರ ಮುಂದೆ ಕೇಳೋಕೆ ಒಂಥರಾ ಆಗುತ್ತೆ.

ಎಂ.ಎ.ಗೆ ಬಂದ ಮೇಲೆ ಮೊದಲ ಸಲ ಮೌಸ್ ಹಿಡಿದವರು ಎಷ್ಟೋ ಜನ ಇದ್ದಾರೆ. ಫೋನಿನಲ್ಲಿ ಎಲ್ಲ ಮಾಡಬಲ್ಲ ಹುಡುಗರೇ ಕೀಬೋರ್ಡ್ ಮುಂದೆ ತಡವರಿಸುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದ ಮೊದಲ ಗಂಟೆ ಕೋಣೆ ಖಾಲಿ ಇರುತ್ತದೆ, ಆಗ ಬನ್ನಿ. ಮೊದಲ ದಿನ ಮೂರೇ ಕೆಲಸ ಕಲಿಯಿರಿ: ಓಪ್ಯಾಕಿನಲ್ಲಿ ಹುಡುಕುವುದು, ಪಿಡಿಎಫ್ ಇಳಿಸಿ ಮೇಲ್ ಮಾಡುವುದು, ಲಾಗೌಟ್ ಆಗುವುದು.

ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಏನಾದ್ರೂ ಇದೆಯಾ?

ಎನ್‌ವಿಡಿಎ ಅನ್ನುವ ಉಚಿತ ಸಾಫ್ಟ್‌ವೇರ್ ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಶುರು ಮಾಡಿದ್ದು. ಕನ್ನಡವನ್ನೂ ಓದುತ್ತದೆ, ದನಿ ಸ್ವಲ್ಪ ಯಂತ್ರದ ಥರ. ಆದರೆ ಅದು ಓದುವುದು ಯೂನಿಕೋಡ್ ಕನ್ನಡವನ್ನು ಮಾತ್ರ. ಹಳೆಯ ಫಾಂಟಿನ ನೋಟ್ಸ್ ಕೊಟ್ಟರೆ ಅದು ಗೊಣಗುವುದು ಯಾರಿಗೂ ಅರ್ಥವಾಗುವುದಿಲ್ಲ. ನೋಟ್ಸ್ ಹಂಚುವ ಮೇಷ್ಟ್ರುಗಳು ಇದನ್ನು ದಯವಿಟ್ಟು ಗಮನಿಸಬೇಕು. ನಿಮ್ಮಲ್ಲಿ ಇದನ್ನು ಹಾಕಿಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ, ಖರ್ಚೇನೂ ಇಲ್ಲ.

ನಮ್ಮ ತರಗತಿಗೆ ಒಂದು ಪೀರಿಯಡ್ ಈ ಲ್ಯಾಬ್ ಸಿಗುತ್ತಾ? (ಅಧ್ಯಾಪಕರೊಬ್ಬರ ಪತ್ರ)

ಒಂದು ವಾರ ಮುಂಚೆ ಬರೆದುಕೊಡಿ ಸರ್. ಎಷ್ಟು ಜನ, ಯಾವ ಸಾಫ್ಟ್‌ವೇರ್ ಬೇಕು ಅಂತ ಇರಲಿ. ಮೂವತ್ತು ಸಿಸ್ಟಮ್ ಇದ್ದರೆ ಇಪ್ಪತ್ತೈದು ನಡೆಯುತ್ತವೆ ಅಂತ ಲೆಕ್ಕ ಹಿಡಿಯಿರಿ. ತರಗತಿಗೆ ಒಂದು ನಿಜವಾದ ಕೆಲಸ ತನ್ನಿ. ‘ಲೈಬ್ರರಿ ಬಳಸುವುದು ಹೇಗೆ’ ಅಂತ ಪಿಪಿಟಿ ತೋರಿಸಿದರೆ ಹುಡುಗರು ಮಲಗುತ್ತಾರೆ. ‘ನಿಮ್ಮ ಸೆಮಿನಾರ್ ವಿಷಯಕ್ಕೆ ಎರಡು ಲೇಖನ, ಒಂದು ಪುಸ್ತಕ ಹುಡುಕಿ, ಪುಸ್ತಕವನ್ನು ಕಪಾಟಿನಿಂದ ತೆಗೆದುಕೊಂಡು ಬನ್ನಿ’ ಅಂದರೆ ಒಂದು ಗಂಟೆ ಸಾಲುವುದಿಲ್ಲ.

## ಸಂಶೋಧನೆ ಮಾಡುವವರಿಗೆ

ಇಲ್ಲಿ ಓಪನ್ ಆಗೋ ಜರ್ನಲ್ ಹಾಸ್ಟೆಲಲ್ಲಿ ದುಡ್ಡು ಕೇಳುತ್ತೆ. ಯಾಕೆ?

ಪ್ರಕಾಶಕರು ನಿಮ್ಮನ್ನು ಗುರುತಿಸುವುದು ಕ್ಯಾಂಪಸ್ಸಿನ ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್ ಸಂಪರ್ಕದ ಗುರುತಿನ ನಂಬರಿನಿಂದ. ಫೋನಿನ ಡೇಟಾ ಬಳಸಿದರೆ ನೀವು ಅವರಿಗೆ ಹೊರಗಿನವರು. ಮನೆಯಿಂದ ಓದಲು ಇನ್‌ಫೆಡ್ ಅಥವಾ ಬೇರೆ ರಿಮೋಟ್ ಆಕ್ಸೆಸ್ (ಕ್ಯಾಂಪಸ್ಸಿನ ಹೊರಗಿನಿಂದ ಬಳಸುವ) ಲಾಗಿನ್ ಬೇಕು. ಅದನ್ನು ಲೈಬ್ರರಿಯಲ್ಲೇ ಕೇಳಿ ಮಾಡಿಸಿಕೊಳ್ಳಿ. 2025ರ ಜನವರಿಯಿಂದ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ನಡೆಯುತ್ತಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ಮೂರು ವರ್ಷಕ್ಕೆ ಇಟ್ಟ ಹಣ 6,000 ಕೋಟಿ ರೂಪಾಯಿ. ಜಿಲ್ಲಾ ಕೇಂದ್ರದ ಹೊಸ ವಿಶ್ವವಿದ್ಯಾಲಯಗಳಿಗೆ ಇದು ದೊಡ್ಡ ವಿಷಯ. ಆದರೆ ಎಷ್ಟೋ ಜನಕ್ಕೆ ಇದು ಇರುವುದೇ ಗೊತ್ತಿಲ್ಲ.

ನನ್ನ ವಿಷಯದ ಮೇಲೆ ಯಾರಾದ್ರೂ ಆಗಲೇ ಪಿಎಚ್‌ಡಿ ಮಾಡಿದ್ದಾರಾ ಅಂತ ಹೇಗೆ ನೋಡೋದು?

ಶೋಧಗಂಗಾದಲ್ಲಿ ನೋಡಿ, ಅದು ಭಾರತದ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನುವ ಕೇಂದ್ರ ನಡೆಸುತ್ತದೆ, 5 ಲಕ್ಷಕ್ಕೂ ಹೆಚ್ಚು ಥೀಸಿಸ್‌ಗಳು ಉಚಿತವಾಗಿ ಸಿಗುತ್ತವೆ. ಕನ್ನಡದ ಥೀಸಿಸ್ ಹುಡುಕುವಾಗ ಮೇಲೆ ಹೇಳಿದ ಮೂರು ಸಲದ ಸೂತ್ರವನ್ನೇ ಹಿಡಿಯಿರಿ. ಅದಾದ ಮೇಲೆ ವಿಭಾಗದ ಥೀಸಿಸ್ ಕಪಾಟಿಗೂ ಹೋಗಿ. ಹಳೆಯವು ಎಷ್ಟೋ ಇನ್ನೂ ಸ್ಕ್ಯಾನ್ ಆಗದೆ ಕಾಗದದಲ್ಲೇ ಉಳಿದಿವೆ.

ಸಿಮಿಲಾರಿಟಿ ಎಷ್ಟು ಪರ್ಸೆಂಟ್ ಇದ್ರೆ ಪಾಸು?

ಸಿಮಿಲಾರಿಟಿ ಅಂದರೆ ನಿಮ್ಮ ಬರಹ ಬೇರೆಯವರ ಬರಹಕ್ಕೆ ಎಷ್ಟು ಹೋಲುತ್ತದೆ ಅನ್ನುವ ಲೆಕ್ಕ. ಯುಜಿಸಿಯ 2018ರ ನಿಯಮದ ಪ್ರಕಾರ ಶೇ. 10ರವರೆಗೆ ದಂಡನೆ ಇಲ್ಲ. 10ರಿಂದ 40 ಇದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಕೊಡುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಉದ್ಧರಣೆ, ಗ್ರಂಥಸೂಚಿ ಇವನ್ನು ಲೆಕ್ಕದಿಂದ ಬಿಡುತ್ತಾರೆ. ‘ಪರ್ಸೆಂಟ್ ಇಳಿಸಿಕೊಡಿ’ ಅಂತ ನಮ್ಮ ಹತ್ತಿರ ಬರಬೇಡಿ. ಪದ ಬದಲಿಸಿ ಪರ್ಸೆಂಟ್ ಇಳಿಸಬಹುದು, ಆದರೆ ಓದಿದ ಗೈಡಿಗೆ ಗೊತ್ತಾಗಿಯೇ ಆಗುತ್ತದೆ.

ಇಡೀ ಪುಸ್ತಕ ಝೆರಾಕ್ಸ್ ಮಾಡಿಸಬಹುದಾ?

ಸ್ವಂತ ಓದಿಗೆ, ಸಂಶೋಧನೆಗೆ ಬೇಕಾದಷ್ಟು ಭಾಗ ಮಾಡಿಸಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಪಾಠಕ್ಕೆ ಬೇಕಾದ ಅಧ್ಯಾಯಗಳನ್ನು ಸೇರಿಸಿ ಮಾಡುವ ಝೆರಾಕ್ಸ್ ಕಂತೆಯ ಬಗ್ಗೆ ದೆಹಲಿ ಹೈಕೋರ್ಟ್ 2016ರಲ್ಲಿ ವಿದ್ಯಾರ್ಥಿಗಳ ಪರವಾಗಿ ತೀರ್ಪು ಕೊಟ್ಟಿತು. ಹಾಗಂತ ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ಅಟ್ಟೆಯಿಂದ ಅಟ್ಟೆಗೆ ಮಾಡಿಸಿದರೆ ನಾವು ಬೇಡ ಅನ್ನುತ್ತೇವೆ. ಪುಸ್ತಕದ ಬೆನ್ನೂ ಮುರಿಯುತ್ತದೆ.

ತಾಳೆಗರಿ ನೋಡಬೇಕಿತ್ತು. ನಿಮ್ಮಲ್ಲೇ ಸಿಗುತ್ತಾ, ಎಲ್ಲಿಗೆ ಹೋಗಬೇಕು?

ತಾಳೆಗರಿಗಳು ಸಾಮಾನ್ಯ ಕಪಾಟಿನಲ್ಲಿ ಇರುವುದಿಲ್ಲ. ನೀವೇ ಸುತ್ತಿ ನೋಡುವ ದಾರಿಗೂ ಅವು ಸೇರುವುದಿಲ್ಲ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಓರಿಯೆಂಟಲ್ ಲೈಬ್ರರಿ ಈಗ ಮೈಸೂರು ವಿಶ್ವವಿದ್ಯಾಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇದೆ ಅಂತ 1905ರಲ್ಲಿ ಗುರುತಿಸಿದ್ದು ಅಲ್ಲಿನ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅವರೂ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದವರೇ ಅನ್ನುವುದನ್ನು ಹೇಳದೆ ಇರುವುದಕ್ಕೆ ನನಗೆ ಆಗುವುದಿಲ್ಲ.

ಹೋಗುವ ಮುಂಚೆ ಮುದ್ರಿತ ಹಸ್ತಪ್ರತಿ ಸೂಚಿ ನೋಡಿ ನಂಬರ್ ಬರೆದುಕೊಳ್ಳಿ. ವಿಭಾಗದ ಮುಖ್ಯಸ್ಥರ ಪತ್ರ ಒಯ್ಯಿರಿ. ಅದೇ ಕೃತಿಯ ಸ್ಕ್ಯಾನ್ ಪ್ರತಿ ಇದೆಯಾ ಅಂತ ಮೊದಲು ಕೇಳಿ, ಇದ್ದರೆ ಗರಿ ಮುಟ್ಟುವ ಅಗತ್ಯ ಬರುವುದಿಲ್ಲ. ಮುಟ್ಟಲೇಬೇಕಾದರೆ ಕೈ ತೊಳೆದು ಒಣಗಿಸಿಕೊಂಡು ಕೂರಿ. ಪೆನ್ ಬ್ಯಾಗಿನಲ್ಲೇ ಇರಲಿ, ಪೆನ್ಸಿಲ್ ತೆಗೆದುಕೊಂಡು ಹೋಗಿ.